ಶರೀಫಣ್ಣ ಹಚ್ಚಿಕೊಡಲಿಲ್ಲ

ನಮ್ಮವರು ತೀರಿಕೊಂಡ ಹದಿನೆಂಟನೆಯ ದಿನ ಬೆಳಗ್ಗೆ ಗ್ಯಾಸ್ ಮುಗಿಯಿತು. ಚಹಾಕ್ಕೆ ನೀರಿಟ್ಟಿದ್ದೆ. ಉರಿ ಸಣ್ಣದಾಯಿತು, ಹಳದಿಯಾಯಿತು, ಆರಿಹೋಯಿತು. ನೀರು ಇನ್ನೂ ಕಾದಿರಲಿಲ್ಲ. ನಾನು ಅಲ್ಲೇ ಕುಳಿತುಬಿಟ್ಟೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಒಂದು ಸಲವೂ ಸಿಲಿಂಡರಿಗೆ ಕೈ ಹಚ್ಚಿದವಳಲ್ಲ. ಅದು ಅವರ ಕೆಲಸವಾಗಿತ್ತು. "ಗ್ಯಾಸ್ ಹೋತ್ರಿ" ಅಂದರೆ ಸಾಕು, ಎದ್ದು ಬರುತ್ತಿದ್ದರು, ಟಕ್ ಅನ್ನಿಸುತ್ತಿದ್ದರು, ಹೋಗಿ ಮತ್ತೆ ಪೇಪರ್ ಹಿಡಿಯುತ್ತಿದ್ದರು.

ಈಗ ಯಾರಿಗೆ ಹೇಳಲಿ?

ನಮ್ಮ ಕನ್ನಡ ಸಂಘದವರು ಸಂಚಿಕೆಗೆ ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡಿ ಎಂದರು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ನನಗೆ ಚೆನ್ನಾಗಿ ಗೊತ್ತಿದ್ದವರು ಒಬ್ಬರೇ, ಅವರು ಹೋದರು. ಅವರ ಬಗ್ಗೆ ಬರೆಯಲು ಕೂತರೆ ಕೈ ಏಳುವುದಿಲ್ಲ. ಅದಕ್ಕೆ ಗ್ಯಾಸ್ ತರುವ ಶರೀಫಣ್ಣನ ಬಗ್ಗೆ ಬರೆಯುತ್ತೇನೆ.

ನಾವಿರುವುದು ಮಲಾಡ್ ಪೂರ್ವದಲ್ಲಿ, ಕುರಾರದ ಗುಡ್ಡದ ಮೇಲೆ, ಚಾಳಿನಲ್ಲಿ. ಗ್ಯಾಸಿನ ಟೆಂಪೋ ಕೆಳಗೆ ರಸ್ತೆ ಕೂಡುವ ನಾಕಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ನಮ್ಮ ಬಾಗಿಲಿಗೆ ನೂರಾ ಹನ್ನೆರಡು ಮೆಟ್ಟಿಲು. ಕೆಲವು ಸಿಮೆಂಟು, ಕೆಲವು ಬರೀ ಕಲ್ಲು. ಅರ್ಧ ದಾರಿಯಲ್ಲಿ ನಲ್ಲಿ ಇದೆ, ಅಲ್ಲಿ ಯಾವಾಗಲೂ ಜಾರುತ್ತದೆ. ತುಂಬಿದ ಸಿಲಿಂಡರ್ ಎಂದರೆ ಮೂವತ್ತು ಕಿಲೋ. ಇಲ್ಲಿಯ ಮಂದಿ ಅದಕ್ಕೆ ಟಾಕಿ ಅನ್ನುತ್ತಾರೆ. ಶರೀಫಣ್ಣ ಅದನ್ನು ಎಡಗಡೆ ಹೆಗಲ ಮೇಲೆ ಹೊತ್ತು ಹತ್ತುತ್ತಾನೆ. ಹೆಗಲ ಮೇಲೆ ಮಡಚಿದ ಗೋಣಿಚೀಲ. ಬಲ ಹೆಗಲು ಹತ್ತು ವರ್ಷದ ಹಿಂದೆಯೇ ಕೆಟ್ಟಿದೆ. ಅಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿದೆ.

"ಏನ್ ಅಣ್ಣಾ ಅದು?" ಎಂದು ಒಮ್ಮೆ ಕೇಳಿದ್ದೆ.

"ಇಂಡಿ ನಿಂಬಿಕಾಯಿ ಅಕ್ಕಾರ. ಊರಿಂದ ಬರಾಗ ತಂದಿದ್ದೆ, ಇಲ್ಲೇ ಬೆಳದೈತಿ" ಎಂದ.

ಅವನು ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವನು. ನನ್ನ ತವರು ಸಿಂದಗಿ. ಹಾಗಾಗಿ ನಮ್ಮ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಬಂದ. ಮೊದಲು ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಕಾರಖಾನೆಯಲ್ಲಿದ್ದ. ಅಂಟಿನ ವಾಸನೆಗೆ ತಲೆ ಸಿಡಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ. ಹೆಂಡತಿ ಸಲ್ಮಾಳ ಅಣ್ಣ ಗ್ಯಾಸ್ ಏಜೆನ್ಸಿಗೆ ಸೇರಿಸಿದ. ಅಂದಿನಿಂದ ಇದೇ ಕೆಲಸ. ಮನೆ ಮಾಲವಣಿಯಲ್ಲಿ. ಬೆಳಗ್ಗೆ ಏಳಕ್ಕೆ ಗೋದಾಮಿಗೆ ಹೋಗುತ್ತಾನೆ.

ಅವನ ಅಂಗಿಯ ಜೇಬಿನಲ್ಲಿ ಮೂರು ಸಾಮಾನು ಇರುತ್ತವೆ. ಶಾಂಪೂ ಬಾಟಲಿಯಲ್ಲಿ ಸೋಪಿನ ನೀರು. ಗಡ್ಡಕ್ಕೆ ಹಚ್ಚುವ ಹಳೆಯ ಬ್ರಶ್. ಒಂದು ತಗಡಿನ ಡಬ್ಬಿಯಲ್ಲಿ ರಬ್ಬರಿನ ವಾಷರು. ಕೈಯಲ್ಲಿ ತೂಕ ನೋಡುವ ಕೊಕ್ಕೆ. ಬಾಗಿಲಿಗೆ ಬಂದ ಮೇಲೆ ಟಾಕಿ ತೂಗಿ ತೋರಿಸುತ್ತಾನೆ. ಸೀಲ್ ಕಿತ್ತು, ಮುಚ್ಚಳ ತೆಗೆದು, ಬಾಯಿಗೆ ಸೋಪಿನ ನೀರು ಹಚ್ಚಿ ನೋಡುತ್ತಾನೆ. ಗುಳ್ಳೆ ಬಂದರೆ ಮಾತಿಲ್ಲ, ಮತ್ತೆ ಹೊತ್ತು ಕೆಳಗೆ. ಬೇರೆಯವರು ಹೀಗೆ ಮಾಡುವುದಿಲ್ಲ. ಬಾಗಿಲಲ್ಲಿ ಕುಕ್ಕಿ, ಖಾಲಿ ಟಾಕಿ ಎಳೆದುಕೊಂಡು ಹೋಗುತ್ತಾರೆ. ಅವರದ್ದೂ ತಪ್ಪಲ್ಲ. ದಿನಕ್ಕೆ ನಲವತ್ತು ಮನೆ.

ಒಲೆ ಇರುವ ಜಾಗಕ್ಕೆ ಬರುವಾಗ ಚಪ್ಪಲಿ ಹೊರಗೆ ಬಿಡುತ್ತಾನೆ. ಇರಲಿ ಅಂದರೂ ಕೇಳುವುದಿಲ್ಲ. ಯಾರ ಮನೆಯ ಟಾಕಿ ಎಷ್ಟು ದಿನ ಬರುತ್ತದೆ ಅವನಿಗೆ ಬಾಯಿಪಾಠ. ಪಕ್ಕದ ಮನೆಯ ಸುಂದ್ರವ್ವನಿಗೆ ಅನ್ನುತ್ತಾನೆ: "ಇಪ್ಪತ್ತೆರಡ ದಿನಕ್ಕ ಖಾಲಿ! ಸುಂದ್ರವ್ವಾ, ನೀ ಚಹಾ ಕಾಸ್ತಿಯೋ, ಇಡೀ ಕುರಾರಕ್ಕ ಜಳಕದ ನೀರ ಕಾಸ್ತಿಯೋ?"

ಸುಂದ್ರವ್ವನೂ ಬಿಡುವವಳಲ್ಲ. "ನಿನ್ನ ಹೆಣಭಾರದ ಟಾಕ್ಯಾಗ ಗಾಳಿ ತುಂಬಿಸಿ ತರತಿ, ಮತ್ತ ನನಗ ಅಂತಿ!"

ಇಷ್ಟು ಅವನ ವಿಷಯ. ಈಗ ಆ ದಿನದ್ದು ಹೇಳುತ್ತೇನೆ.

ನಮ್ಮವರ ಹೆಸರು ಸಂಗಪ್ಪ. ಕಾಂದಿವಲಿಯ ಔಷಧಿ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಮಲಾಡ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಕುಳಿತರಂತೆ. ಮತ್ತೆ ಏಳಲಿಲ್ಲ. ಡಬ್ಬಿಯಲ್ಲಿ ನಾನು ಕಟ್ಟಿದ ರೊಟ್ಟಿ ಹಾಗೇ ಇತ್ತು. ನಮಗೆ ಮಕ್ಕಳಾಗಲಿಲ್ಲ. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಕೆಳಗಿನ ಸೊಸೈಟಿಗಳ ಒಂಬತ್ತು ಮನೆಗೆ ಕೊಡುತ್ತೇನೆ. ಎಲ್ಲರೂ ಬೆಳಗಾವಿ, ಧಾರವಾಡದ ಕಡೆಯವರು. ಇರುವುದು ಒಂದೇ ಟಾಕಿ. ಅದು ಮುಗಿದರೆ ರೊಟ್ಟಿ ಇಲ್ಲ.

ನನ್ನ ತಮ್ಮ ಈರಣ್ಣ ಸಿಂದಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಮಣ್ಣಿಗೆ ಬಂದವನು ಹೋಗುವಾಗ ಹೇಳಿದ: "ಅಕ್ಕಾ, ಒಬ್ಬಾಕಿ ಹೆಂಗ ಇರ್ತಿ ಈ ಗುಡ್ಡದ ಮ್ಯಾಲ? ನಡಿ ನನ್ನ ಕೂಡ."

"ಈಗ ಬ್ಯಾಡೋ."

"ಹಂಗಾರ ದೀಪಾವಳಿ ಮಟಾ ನೋಡು. ದೀಪಾವಳಿ ಆದಮ್ಯಾಲ ಬರ್ತೀನಿ. ನಿನಗ ಆಗವಲ್ದು ಅಂತ ಕಂಡ್ರ ಖೋಲಿ ಮಾರಿ ಕರ್ಕೊಂಡ ಹೋಗ್ತೀನಿ. ಆಮ್ಯಾಲ ವಾದಾ ಹಾಕಬ್ಯಾಡ."

ಅವನು ಕೆಟ್ಟವನಲ್ಲ. ಪ್ರೀತಿಯಿಂದಲೇ ಹೇಳಿದ. ಅವನ ಮನೆಯಲ್ಲಿ ನನಗೆ ಊಟಕ್ಕೆ ಕಡಿಮೆ ಆಗುತ್ತಿರಲಿಲ್ಲ. ಆದರೆ ನಾನು ಈ ಖೋಲಿ ಬಿಡಲು ತಯಾರಿರಲಿಲ್ಲ. ನಮ್ಮವರು ಬಡಿದ ಮೊಳೆ ಇಲ್ಲಿದೆ. ನನ್ನ ಒಲೆ ಇಲ್ಲಿದೆ. ತಮ್ಮನ ಮನೆಯ ಒಲೆ ಅವನ ಹೆಂಡತಿಯದು. ಹಾಗಾಗಿ ದೀಪಾವಳಿಯ ತನಕ ನಾನು ನಡೆಸಿ ತೋರಿಸಬೇಕಿತ್ತು. ಹದಿನೆಂಟನೆಯ ದಿನವೇ ಒಲೆ ಆರಿತು.

ಟಾಕಿ ಬುಕ್ ಮಾಡಿದೆ. ನಂಬರು ನಮ್ಮವರ ಮೊಬೈಲಿಗೆ ಬರುತ್ತದೆ. ಆ ನಂಬರು ಹೇಳಿದರೆ ಮಾತ್ರ ಟಾಕಿ ಕೊಡುತ್ತಾರೆ. ಅದಕ್ಕೆ ಅವರ ಮೊಬೈಲನ್ನು ದಿನಾ ಚಾರ್ಜ್ ಮಾಡುತ್ತಿದ್ದೆ. ಶರೀಫಣ್ಣನ ಮೊಬೈಲಿನಲ್ಲಿ ಅವರ ಹೆಸರು ಬರುತ್ತಿತ್ತು. ಮೊದಲು ಬಾಗಿಲಲ್ಲಿ ನಿಂತು "ಸಂಗಪ್ಪಣ್ಣಾ, ಗ್ಯಾಸ್!" ಎಂದು ಕೂಗುತ್ತಿದ್ದ. ಆ ದಿನ ಕೂಗಲಿಲ್ಲ. ಬಾಗಿಲು ಬಡಿದ.

ರಂಜಾನ್ ನಡೆದಿತ್ತು. ಮಾರ್ಚಿನ ಬಿಸಿಲು. ಬೆಳಗ್ಗಿನಿಂದ ಹನಿ ನೀರು ಕುಡಿಯದೆ ನೂರಾ ಹನ್ನೆರಡು ಮೆಟ್ಟಿಲು ಹತ್ತಿ ಬಂದಿದ್ದ. ತುಟಿ ಒಡೆದಿತ್ತು. ತೂಗಿದ, ಸೋಪು ಹಚ್ಚಿ ನೋಡಿದ, ಮುಚ್ಚಳ ಹಾಕಿದ, ಒಳಗೆ ಇಟ್ಟ. ನಂತರ ಹೊರಗೆ ಬಂದು ನಿಂತ.

"ಹಚ್ಚಿ ಹೋಗ್ರಿ ಅಣ್ಣಾ" ಎಂದೆ.

"ಇಲ್ಲ ಅಕ್ಕಾರ. ನೀವ ಹಚ್ರಿ."

"ನನಗ ಬರಾಂಗಿಲ್ಲ."

"ಅದಕ್ಕ ನಿಂತೀನಿ. ಹೇಳತೀನಿ, ನೀವ ಹಚ್ರಿ."

ನನಗೆ ನಂಬಿಕೆಯಾಗಲಿಲ್ಲ. ಓಣಿಯಲ್ಲಿ ಎಲ್ಲರಿಗೂ ಹಚ್ಚಿಕೊಡುತ್ತಾನೆ. ಕೇಳದಿದ್ದರೂ ಹಚ್ಚಿಕೊಡುತ್ತಾನೆ. ಸುಂದ್ರವ್ವ ಹೊರಗೆ ಬಂದಳು.

"ಏ ಶರೀಫಾ, ಮನಷ್ಯಾ ಅದಿಯೋ ಏನೋ? ಗಂಡ ಸತ್ತು ತಿಂಗಳಾಗಿಲ್ಲ ಆಕಿಗೆ. ಒಂದು ಗ್ಯಾಸ್ ಹಚ್ಚಾಕ ನಿನ್ನ ಕೈ ಸವೀತಾವೇನ?"

"ತಿಂಗಳಾಗಿಲ್ಲ, ಅದಕ್ಕ ಸುಂದ್ರವ್ವಾ" ಎಂದ.

"ರೋಜಾ ಹಿಡದ ಬಾಯಿಲೆ ಇಂಥಾ ಮಾತ ಆಡತಿ!"

ನನಗೆ ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ಬಾಗಿಲು ಅವನ ಮುಖಕ್ಕೆ ಹಾಕಿದೆ. ಒಳಗೆ ತುಂಬಿದ ಟಾಕಿ, ಆರಿದ ಒಲೆ. ಆ ದಿನ ರೊಟ್ಟಿ ಬಡಿಯಲಿಲ್ಲ. ಒಂಬತ್ತು ಮನೆಗೂ ಇಲ್ಲ ಎಂದು ಹೇಳಿ ಕಳಿಸಿದೆ. ಸುಂದ್ರವ್ವ ಕೊಟ್ಟ ಅನ್ನ ತಿಂದೆ. ಅವಳ ಗಂಡನಿಂದ ಹಚ್ಚಿಸಬಹುದಿತ್ತು. ಕೇಳಲಿಲ್ಲ. ಯಾಕೆ ಎಂದು ಗೊತ್ತಿಲ್ಲ, ಹಟ ಬಂದಿತ್ತು.

ಮರುದಿನ ಹನ್ನೊಂದಕ್ಕೆ ಮತ್ತೆ ಬಾಗಿಲು ಬಡಿದರು. ಶರೀಫಣ್ಣ. ಹೆಗಲ ಮೇಲೆ ಟಾಕಿ ಇರಲಿಲ್ಲ. ಆ ದಿನ ನಮ್ಮ ಓಣಿಯಲ್ಲಿ ಯಾರದ್ದೂ ಗ್ಯಾಸ್ ಇರಲಿಲ್ಲ. ನನಗಾಗಿ ಹತ್ತಿ ಬಂದಿದ್ದ, ಉಪವಾಸ.

ಹೊಸ್ತಿಲ ಹೊರಗೆ ಕುಳಿತ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನನ್ನ ಕೈ ತಾವ ಮುಂದ ಬರತಾವ ಅಕ್ಕಾರ, ರೂಢಿ ಬಿದ್ದಾವ. ಅದಕ್ಕ ಹಿಂದ ಕಟ್ಟೀನಿ. ಹೂಂ, ಮುಚ್ಚಳ ತಗೀರಿ. ದಾರ ಜಗ್ರಿ. ಅಂಜಬ್ಯಾಡ್ರಿ, ಅದೇನ ಕಚ್ಚಾಂಗಿಲ್ಲ."

ನಾನು ಎಳೆದೆ. ಬಂತು.

"ಒಳಗ ಕರೀದು ರಬ್ಬರ್ ಕಾಣತೈತೇನ? ಬೆರಳಲೆ ಮುಟ್ಟಿ ನೋಡ್ರಿ. ಹರದೈತೇನ? ಇಲ್ಲ. ಈಗ ರೆಗ್ಯುಲೇಟರಿನ ಆ ಕರೇ ಬಳಿ ಮ್ಯಾಲ ಎತ್ತಿ ಹಿಡೀರಿ. ಬಾಯಿ ಮ್ಯಾಲ ನೆಟ್ಟಗ ಕೂಡಸ್ರಿ. ಒತ್ರಿ. ಬಳಿ ಬಿಡ್ರಿ."

ಟಕ್ ಅನ್ನಲಿಲ್ಲ. ನಾಲ್ಕು ಸಲ ಒತ್ತಿದೆ. ಐದನೆಯ ಸಲಕ್ಕೆ ಟಕ್ ಎಂದಿತು. ಆ ಸಪ್ಪಳ ಕೇಳಿ ನಾನು ಅತ್ತೆ. ಅದು ನಮ್ಮವರ ಸಪ್ಪಳ. ಶರೀಫಣ್ಣ ಮುಖ ಆ ಕಡೆ ತಿರುಗಿಸಿ ಕುಳಿತ. ನಾನು ಅಳುವುದು ಮುಗಿಸುವ ತನಕ ಹಾಗೇ ಇದ್ದ.

"ಈಗ ರೆಗ್ಯುಲೇಟರಿನ ಬಟನ್ ತಿರುವ್ರಿ. ಕಡ್ಡಿ ಕೊರೀಬ್ಯಾಡ್ರಿ. ಮೊದಲ ಐವತ್ತ ಎಣಸ್ರಿ. ಎಣಿಸೋದು ಬಾಯಿಲೆ, ಕೆಲಸ ಮೂಗಿಂದು. ವಾಸನಿ ಬರಲಿಲ್ಲ ಅಂದ್ರ ಹಚ್ರಿ."

ಐವತ್ತು ಎಣಿಸಿದೆ. ಹಚ್ಚಿದೆ. ನೀಲಿ ಉರಿ ಬಂತು. ಅವನು ಎದ್ದು ಚಪ್ಪಲಿ ಹಾಕಿಕೊಂಡ. ನಾನು ಒಂದು ಒಳ್ಳೆಯ ಮಾತು ಆಡಲಿಲ್ಲ. ನನಗೆ ಇನ್ನೂ ಸಿಟ್ಟಿತ್ತು. ಅದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಎರಡನೆಯ ಟಾಕಿ ಏಪ್ರಿಲ್ ಕೊನೆಗೆ ಬಂತು. ಶರೀಫಣ್ಣ ಇಟ್ಟು, ತೋರಿಸಿ, ಮೇಲಿನ ಓಣಿಗೆ ಹೋದ. ನಮ್ಮಲ್ಲಿ ಹೊಸ ಟಾಕಿಗೆ ಪೂಜೆ ಮಾಡುವ ಪದ್ಧತಿ. ಅನ್ನ ಕೊಡುವುದಲ್ಲವೇ. ನಮ್ಮವರು ಹಚ್ಚಿ ಮುಗಿಸಿದ ಮೇಲೆ ನಾನು ವಿಭೂತಿ, ಕುಂಕುಮ ಹಚ್ಚಿ ಒಂದು ಹೂವು ಇಡುತ್ತಿದ್ದೆ. ಈ ಸಲ ನಾನು ಮುಚ್ಚಳ ತೆಗೆದು ರಬ್ಬರ್ ಮುಟ್ಟಿ ನೋಡುತ್ತಿದ್ದೆ. ಸುಂದ್ರವ್ವ ತಾಟು ಹಿಡಿದುಕೊಂಡು ಬಂದಳು.

"ನಿಂದರ ಬಸಲಿಂಗವ್ವಾ. ಕುಂಕುಮ ನೀ ಮುಟ್ಟಬ್ಯಾಡ. ನಾ ಮುತ್ತೈದಿ ಅದೀನಿ, ನಾ ಮಾಡ್ತೀನಿ."

ಅವಳು ಒಳ್ಳೆಯದಕ್ಕೇ ಬಂದಿದ್ದಳು. ನಾನು ಸರಿದು ನಿಂತೆ. ಮನಸ್ಸಿಗೆ ಚುಚ್ಚಿತು, ಆದರೆ ಸರಿದೆ. ಅವಳು ಕುಂಕುಮ ಹಚ್ಚಿದಳು, ಒಂದು ಹಿಡಿ ಅಕ್ಷತೆ ಹಾಕಿದಳು. ಟಾಕಿಯ ಬಾಯಿ ತೆರೆದೇ ಇತ್ತು. ಆರತಿಯ ಬತ್ತಿ ಹಚ್ಚಿಕೊಂಡು ಬರುತ್ತೇನೆ ಎಂದು ತನ್ನ ಮನೆಗೆ ಹೋದಳು. ನಾನು ಮೇಲಿನ ಅಕ್ಕಿ ಕೈಯಿಂದ ಒರೆಸಿದೆ, ರೆಗ್ಯುಲೇಟರ್ ಒತ್ತಿದೆ. ಟಕ್ ಎಂದಿತು. ಬಟನ್ ತಿರುಗಿಸಿದೆ. ಒಂದು, ಎರಡು, ಮೂರು ಎಂದು ಎಣಿಸತೊಡಗಿದೆ. ಹನ್ನೆರಡಕ್ಕೆ ಮೂಗಿಗೆ ಬಂತು. ಸುಸ್ ಎಂದು ಸಣ್ಣಗೆ ಕೇಳಿಸಿತು ಕೂಡ.

ಬಟನ್ ಬಂದ್ ಮಾಡಿದೆ. ತಿರುಗಿ ನೋಡಿದರೆ ಸುಂದ್ರವ್ವ ಬಾಗಿಲಲ್ಲಿ, ಕೈಯಲ್ಲಿ ಉರಿಯುವ ಆರತಿ. ಒಂದು ಕಾಲು ಹೊಸ್ತಿಲ ಒಳಗಿಟ್ಟಿದ್ದಳು.

ಓಡಿಹೋಗಿ ಅವಳನ್ನು ಹೊರಗೆ ನೂಕಿದೆ. ಆರತಿ ಊದಿ ಆರಿಸಿದೆ.

"ಅಯ್ಯಯ್ಯ! ಆರತಿ ಊದತಾರೇನ! ಅದೂ ನೀ!" ಸುಂದ್ರವ್ವ ಬಾಯಿ ಬಡಿದುಕೊಂಡಳು.

"ಗ್ಯಾಸ್ ಸೋರಾಕತ್ತೈತಿ" ಎಂದೆ. ಅವಳು ತಾಟು ಅಲ್ಲೇ ಬಿಟ್ಟು ಓಡಿದಳು.

ಶರೀಫಣ್ಣನಿಗೆ ಫೋನ್ ಮಾಡಿದೆ. "ರೆಗ್ಯುಲೇಟರ್ ತಗದು ಮುಚ್ಚಳಾ ಒತ್ರಿ. ಲೈಟ್ ಹಚ್ಚಬ್ಯಾಡ್ರಿ, ಹಚ್ಚಿದ್ರ ಆರಸಬ್ಯಾಡ್ರಿ. ಕಿಡಕಿ ತಗೀರಿ. ಹೊರಗ ಬಂದ ನಿಂದರ್ರಿ, ಬಂದೆ" ಎಂದ. ನಾನು ಅವನು ಹೇಳಿದಂತೆ ಮಾಡಿದೆ. ಮಾಡಿ ಹೊರಗೆ ಬಂದಾಗ ಅವನು ಮೇಲಿನ ಓಣಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದ.

ಟಾಕಿಯನ್ನು ಬಯಲಿಗೆ ತಂದ. ಗಾಳಿ ಆಡುವ ತನಕ ಕಾದ. ಮುಚ್ಚಳ ತೆಗೆದ. ರಬ್ಬರಿನ ಕೆಳಗೆ ಒಂದು ಅಕ್ಕಿಕಾಳು ಕುಳಿತಿತ್ತು. ಕುಂಕುಮ ಹತ್ತಿ ಕೆಂಪಗಾಗಿತ್ತು. ಅದನ್ನು ತೆಗೆದು ಅಂಗೈಯಲ್ಲಿಟ್ಟು ಸುಂದ್ರವ್ವನಿಗೆ ತೋರಿಸಿದ.

"ಸುಂದ್ರವ್ವಾ, ಪೂಜಿ ಮಾಡು, ಬ್ಯಾಡ ಅನ್ನಾಂಗಿಲ್ಲ. ಅದರ ಹೊಟ್ಟಿಗೆ ಮಾಡು. ಬಾಯಿಗೆ ಅಕ್ಕಿ ತುರುಕಬ್ಯಾಡ. ಅದು ಉಣ್ಣಾಕ ಬಂದಿಲ್ಲ, ಉಣಸಾಕ ಬಂದೈತಿ."

ಸುಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಂತರ ನನ್ನ ಕೈ ಹಿಡಿದಳು. "ಆರತಿ ಊದಿದ್ದ ಛಲೋ ಆತವ್ವಾ" ಎಂದಳು.

ಅವನು ರಬ್ಬರ್ ತೆಗೆದು ಹೊಸದು ಹಾಕಿದ, ಸೋಪು ಹಚ್ಚಿ ನೋಡಿದ. ಆಗಲೂ ಹಚ್ಚಿಕೊಡಲಿಲ್ಲ. ನಾನೇ ಹಚ್ಚಿದೆ. ಆ ದಿನ ನಾನೇ ವಿಭೂತಿ ಹಚ್ಚಿದೆ, ಕುಂಕುಮವನ್ನೂ ಹಚ್ಚಿದೆ, ಹೊಟ್ಟೆಗೆ. ಸುಂದ್ರವ್ವ ನೋಡಿದಳು, ತಡೆಯಲಿಲ್ಲ.

ಅವನು ಮೆಟ್ಟಿಲ ಮೇಲೆ ಕುಳಿತು ನೀರು ಕುಡಿಯುವಾಗ ಕೇಳಿದೆ. "ಅವತ್ತ ಯಾಕ ಹಚ್ಚಿಕೊಡಲಿಲ್ಲ ಅಣ್ಣಾ? ನನಗ ಬಾಳ ಸಿಟ್ಟ ಬಂದಿತ್ತು."

ಲೋಟ ಕೆಳಗಿಟ್ಟು ಹೇಳಿದ. ಗುಡ್ಡದ ಆ ಕಡೆಯ ಚಾಳಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಗಂಡ ಹೋದ ಮೇಲೆ ಇವನೇ ಪ್ರತಿ ಸಲ ಹಚ್ಚಿಕೊಡುತ್ತಿದ್ದ. ಮೂರು ವರ್ಷ ಹಚ್ಚಿಕೊಟ್ಟ. ಒಮ್ಮೆ ಬೇರೆಯವರು ಟಾಕಿ ಇಟ್ಟು ಹೋದರು. ಇವನು ಬಲ ಹೆಗಲು ಕೆಟ್ಟು ಆಸ್ಪತ್ರೆಯಲ್ಲಿದ್ದ. ಎಂಟು ದಿನ ಬಿಟ್ಟು ಹೋಗಿ ನೋಡಿದರೆ ಮುದುಕಿ ಸೀಲ್ ಕೀಳದ ಟಾಕಿ ಪಕ್ಕದಲ್ಲಿಟ್ಟುಕೊಂಡು ಪಾವ್ ತಿನ್ನುತ್ತ ಕುಳಿತಿದ್ದಳು.

"'ನೀ ಬರ್ತಿ ಅಂತ ಕಾದೆ ಬೇಟಾ' ಅಂದ್ಳು. ಎಂಟ ದಿನ ಅಕ್ಕಾರ! ನಾ ಉಪಕಾರ ಮಾಡೀನಿ ಅನ್ಕೊಂಡಿದ್ದೆ. ಮನಿಗೆ ಹೋಗಿ ಸಲ್ಮಾಗ ಹೇಳಿದೆ. ಆಕಿ ಅಂದ್ಳು, ನೀ ಆಕಿ ಒಲಿ ಕೀಲಿ ನಿನ್ನ ಜೇಬಿನ್ಯಾಗ ಇಟ್ಕೊಂಡ ಬಂದಿದ್ದಿ ಅಂತ."

ನಾನು ಒಳಗೆ ಹೋಗಿ ಎರಡು ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಟ್ಟೆ. ಅಲ್ಲೇ ಕುಳಿತು ತಿಂದ.

ಅಲ್ಲಿಂದ ಅವನು ಬಂದಾಗಲೆಲ್ಲ ಒಂದೊಂದು ಹೇಳಿಕೊಟ್ಟ. ರಬ್ಬರ್ ಪೈಪಿಗೂ ವಯಸ್ಸಾಗುತ್ತದೆ, ಬಗ್ಗಿಸಿ ನೋಡಿದರೆ ಸೀಳು ಕಾಣುತ್ತದೆ. ಟಾಕಿಯ ತಳ ಉಬ್ಬಿದ್ದರೆ, ತುಕ್ಕು ಹಿಡಿದಿದ್ದರೆ ತೆಗೆದುಕೊಳ್ಳಬಾರದು. ಟಾಕಿಯ ಹಿಡಿಕೆಯ ಒಳಗಡೆ ಪಟ್ಟಿಯ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಆ ತಾರೀಖಿನೊಳಗೆ ಟಾಕಿಯನ್ನು ಮತ್ತೆ ತಪಾಸಣೆಗೆ ಕಳಿಸಬೇಕು. ಎ ಎಂದರೆ ಮಾರ್ಚ್ ತನಕ, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ಅಂಕಿ ಎಂದರೆ ಇಸವಿ. ಇಂಗ್ಲಿಷಿನಲ್ಲಿ ನನಗೆ ಬರುವುದು ಈ ನಾಲ್ಕೇ ಅಕ್ಷರ. ಅವನೇ ಒಂದು ದಿನ ಏಜೆನ್ಸಿಗೆ ಕರೆದುಕೊಂಡು ಹೋಗಿ ಗ್ಯಾಸ್ ನನ್ನ ಹೆಸರಿಗೆ ಮಾಡಿಸಿದ. ನಮ್ಮವರ ಹೆಸರು ತೆಗೆಸಲು ನಾನು ಒಪ್ಪಿರಲಿಲ್ಲ. "ಹೆಸರ ಪುಸ್ತಕದಾಗ ಇದ್ರ ಏನ, ಇಲ್ಲದಿದ್ರ ಏನ ಅಕ್ಕಾರ. ನಾಳಿ ಮೊಬೈಲ್ ಕೆಟ್ರ ಒಲಿ ಆರತೈತಿ" ಎಂದ. ಆ ದಿನ ಸಹಿ ಮಾಡಿ ಬಂದು ಸಂಜೆಯ ತನಕ ಅವರ ಮೊಬೈಲ್ ಹಿಡಿದು ಕುಳಿತೆ.

ಮಳೆಗಾಲ ಹೋಯಿತು. ದೀಪಾವಳಿ ಬಂತು. ನಾನು ದೀಪ ಹಚ್ಚಲಿಲ್ಲ. ಪಾಡ್ಯ ಮುಗಿದ ಎರಡನೆಯ ದಿನ ಈರಣ್ಣ ಬಂದ. ಕೈಯಲ್ಲಿ ದೊಡ್ಡ ಖಾಲಿ ಚೀಲ. ನನ್ನ ಸಾಮಾನು ತುಂಬಲು ತಂದದ್ದು.

ಅವನು ಬಂದ ದಿನವೇ ಗ್ಯಾಸ್ ಮುಗಿದಿತ್ತು. ಸಂಜೆ ಆರಕ್ಕೆ ಕೆಳಗಿನ ಸೊಸೈಟಿಯ ಒಂದು ಮನೆಗೆ ನೂರಾ ಇಪ್ಪತ್ತು ರೊಟ್ಟಿ ಕೊಡಬೇಕಿತ್ತು. ಅವರ ಮನೆಶಾಂತಿ, ಹೊಸ ಮನೆಯ ಪೂಜೆ. ಹಿಟ್ಟು ಜರಡಿ ಹಿಡಿದು ಇಟ್ಟಿದ್ದೆ. ಈರಣ್ಣ ಗಡಿಯಾರ ನೋಡುತ್ತಿದ್ದ.

"ಗ್ಯಾಸ್ ಬರಲಿಲ್ಲ ಅಂದ್ರ ಏನ್ ಮಾಡ್ತಿ?"

"ಬರತೈತಿ."

"ಹಿಂಗ ದಿನಾ ಕಾಯೋದು ಒಂದ ಜೀವನಾ ಏನಕ್ಕಾ? ಅಲ್ಲಿ ಹೊತ್ತಿಗೆ ಸರಿ ಊಟಾ, ನೆರಳಾಗ ಕುಂದ್ರೂದು."

ಹನ್ನೆರಡೂವರೆಗೆ ಶರೀಫಣ್ಣ ಬಂದ. ಆ ದಿನ ಅವನ ಮುಖ ಬಾಡಿತ್ತು. ಎಡ ಹೆಗಲೂ ನೋಯುತ್ತಿತ್ತು ಎಂದು ಕಾಣುತ್ತದೆ. ಟಾಕಿ ಇಳಿಸಿ ಗೋಡೆಗೆ ಒರಗಿದ. ಉಸಿರು ಸಿಗುತ್ತಿರಲಿಲ್ಲ. ತೂಗಿದ, ಸರಿ ಇತ್ತು. ಸೋಪು ಹಚ್ಚಿದ, ಗುಳ್ಳೆ ಇಲ್ಲ. ನಾನು ಬಗ್ಗಿ ರಬ್ಬರ್ ನೋಡಿದೆ, ತಳ ನೋಡಿದೆ. ಹಿಡಿಕೆಯ ಪಟ್ಟಿಯ ಮೇಲೆ ಡಾಂಬರಿನಂಥ ಜಿಡ್ಡು ಮೆತ್ತಿತ್ತು. ಉಗುರಿನಿಂದ ಕೆರೆದೆ. ಬಿ. ಇಪ್ಪತ್ತೈದು.

ನಾವು ಅಕ್ಟೋಬರಿನಲ್ಲಿದ್ದೆವು. ಜೂನ್ ಹೋಗಿ ನಾಲ್ಕು ತಿಂಗಳು.

ನಾನು ಎದ್ದು ನಿಂತೆ. ಒಲೆ ಆರಿದೆ. ಹಿಟ್ಟು ಕಾದಿದೆ. ತಮ್ಮ ನೋಡುತ್ತಿದ್ದಾನೆ. ಇವನು ನೂರಾ ಹನ್ನೆರಡು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತಿದ್ದಾನೆ. ನನಗೆ ಎಷ್ಟು ಉಪಕಾರ ಮಾಡಿದವನು. ಇವನಿಗೆ ಹೇಗೆ ಹೇಳಲಿ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

"ಇದು ಬ್ಯಾಡ ಅಣ್ಣಾ" ಎಂದೆ. "ವಾಪಸ್ ಒಯ್ಯಿರಿ. ತಾರೀಖ ಮುಗದೈತಿ."

ಈರಣ್ಣ ಗದರಿದ. "ಏ ಅಕ್ಕಾ, ಬುದ್ಧಿ ಐತೇನ? ಸೋರವಲ್ದು, ತೂಕ ಸರಿ ಐತಿ. ಆ ಮನಷ್ಯಾನ ಜೀವಾ ನೋಡು ಹೆಂಗಾಗೈತಿ. ಒಂದ ಅಕ್ಷರಕ್ಕ ಮತ್ತ ಹೊರಸ್ತಿಯೇನ? ಹಚ್ಚು, ನಡೀತೈತಿ."

"ನಡಿಯಾಂಗಿಲ್ಲ."

"ಅಣ್ಣಾ ನೀವ ಹೇಳ್ರಿ ಆಕಿಗೆ!"

ಶರೀಫಣ್ಣ ಗೋಡೆ ಬಿಟ್ಟು ಬಂದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಬಗ್ಗಿ ಪಟ್ಟಿ ನೋಡಿದ. ಅವನೂ ಉಗುರಿನಿಂದ ಕೆರೆದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಖರೇ ಐತಿ" ಎಂದ. "ನಾನೇ ನೋಡಲಿಲ್ಲ. ಮುಂಜಾನೆ ಲೋಡ್ ಮಾಡಾಗ ಕನ್ನಡಕ ಹಾಕ್ಕೊಂಡಿರಲಿಲ್ಲ." ಆಮೇಲೆ ಈರಣ್ಣನ ಕಡೆ ತಿರುಗಿದ. "ಇಪ್ಪತ್ತೆಂಟ ವರ್ಷ ಆತ್ರಿ ಸಾಹುಕಾರ ಟಾಕಿ ಹೊರಾಕತ್ತು. ನನ್ನ ಟಾಕಿ ಯಾರೂ ವಾಪಸ್ ಕಳಿಸಿಲ್ಲ. ಕಳಿಸಿದ್ರ ನಾನ ಕಳಿಸೀನಿ. ಇವತ್ತ ನಿಮ್ಮಕ್ಕ ಕಳಿಸಿದ್ರು."

ಬೇಸರದಿಂದ ಹೇಳಿದನೋ ಎಂದು ಅವನ ಮುಖ ನೋಡಿದೆ. ನಗುತ್ತಿದ್ದ. ಒಡೆದ ಹಲ್ಲು ಕಾಣುವ ಹಾಗೆ ನಗುತ್ತಿದ್ದ.

ಗೋಣಿಚೀಲ ಹೆಗಲಿಗೆ ಹಾಕಿಕೊಂಡ. ಏಳಲಾಗಲಿಲ್ಲ. ಈರಣ್ಣ ನೋಡಿದ. ಅಂಗಿಯ ತೋಳು ಏರಿಸಿದ. "ಬಿಡ್ರಿ, ನಾನೂ ಹಿಡೀತೀನಿ" ಎಂದ. ಇಬ್ಬರೂ ಹಿಡಿಕೆ ಹಿಡಿದು ಇಳಿದರು. ನಲ್ಲಿಯ ಹತ್ತಿರ ಈರಣ್ಣ ಜಾರಿದ ಸಪ್ಪಳ ಕೇಳಿಸಿತು. "ಅಯ್ ಇವರವ್ವನ, ಎಷ್ಟ ಅದಾವರಿ ಈ ಮೆಟ್ಟಲಾ!" ಎನ್ನುತ್ತಿದ್ದ. "ಎಣಿಸಬ್ಯಾಡ್ರಿ ಸಾಹುಕಾರ, ಎಣಿಸಿದ್ರ ಜಾಸ್ತಿ ಆಗತಾವ" ಎಂದು ಶರೀಫಣ್ಣ ಹೇಳುತ್ತಿದ್ದ.

ಬೇರೆ ಟಾಕಿ ಬರುವಾಗ ಎರಡೂಕಾಲು. ಗೋದಾಮಿನ ತನಕ ಹೋಗಿ ತಂದಿದ್ದರು. ಮೇಲೆ ತಂದಾಗ ಅದರ ಒಂದು ಕಡೆ ಈರಣ್ಣನ ಹೆಗಲಿತ್ತು. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಬಂದವನೇ ಕುಳಿತುಬಿಟ್ಟ. ನಾನು ತಾರೀಖು ನೋಡಿದೆ, ರಬ್ಬರ್ ನೋಡಿದೆ, ತಳ ನೋಡಿದೆ. ರೆಗ್ಯುಲೇಟರ್ ಒತ್ತಿದೆ, ಐವತ್ತು ಎಣಿಸಿದೆ. ಹಚ್ಚಿದೆ. ಉರಿ ಬಂತು. ಹಂಚು ಇಟ್ಟು ರೊಟ್ಟಿ ಬಡಿಯಲು ಕುಳಿತೆ.

ಈರಣ್ಣ ಗೋಡೆಗೆ ಒರಗಿ ನೋಡುತ್ತಲೇ ಇದ್ದ. ಎಷ್ಟೋ ಹೊತ್ತಿನ ಮೇಲೆ ಕೇಳಿದ. "ಅಂಜಿಕಿ ಬರಲಿಲ್ಲೇನ ಅಕ್ಕಾ? ಅಂವ ಸಿಟ್ಟಾಗತಾನ ಅಂತ?"

"ಬಂತು" ಎಂದೆ. "ಗ್ಯಾಸಿಂದು ಅದಕ್ಕಿಂತ ಜಾಸ್ತಿ ಬರತೈತಿ."

ಆರೂಮುಕ್ಕಾಲಿಗೆ ನೂರಾ ಇಪ್ಪತ್ತೂ ಮುಗಿದವು. ಮನೆಶಾಂತಿಯವರು ಫೋನ್ ಮಾಡಿ ತಡವಾಯಿತು ಎಂದು ಬೈದರು. ಬೈಸಿಕೊಂಡೆ. ಈರಣ್ಣ ರೊಟ್ಟಿಯ ಬುಟ್ಟಿ ಹೊತ್ತು ಕೊಟ್ಟು ಬಂದ.

ಮರುದಿನ ಅವನು ಚೀಲ ಮಡಚಿದ. ಖೋಲಿ ಮಾರುವ ಮಾತು ತೆಗೆಯಲಿಲ್ಲ. ಹೊರಡುವಾಗ ಒಂದೇ ಕೇಳಿದ. "ದಿನಾ ಯಾವ ಹೊತ್ತಿಗೆ ಫೋನ್ ಮಾಡಿದ್ರ ನಿನಗ ಕೆಲಸ ಇರಾಂಗಿಲ್ಲ?"

"ಮೂರ ಗಂಟೆಕ್ಕ" ಎಂದೆ.

"ಆತು, ಮೂರಕ್ಕ ಮಾಡ್ತೀನಿ." ಕಣ್ಣು ಒರೆಸಿಕೊಂಡು ಇಳಿದುಹೋದ.

ಆ ವಾರ ಶರೀಫಣ್ಣ ಸುಂದ್ರವ್ವನಿಗೆ ಟಾಕಿ ತಂದ. ಅವಳು "ಈ ಸಲ ತಾರೀಖ ನೋಡಿ ತಂದಿಯೋ, ಇಲ್ಲಾ ಬಸಲಿಂಗವ್ವನ್ನ ಕರೀಲ್ಯೋ?" ಎಂದು ಕಾಡಿಸಿದಳು. "ಕರಿ, ಕರಿ, ನನಗೂ ಒಂದು ಕನ್ನಡಕ ಉಳೀತೈತಿ" ಎಂದ.

ನಾನು ಬಾಗಿಲಿಗೆ ಬಂದು ಹೇಳಿದೆ. "ಅಣ್ಣಾ, ತಮ್ಮ ಊರಿಗೆ ಹೋದ. ಒಬ್ಬನ ಹೋದ."

"ಹೋದ್ರಾ? ಬರೋಬ್ಬರಿ ಆತು" ಎಂದ. ಮೇಲಿನ ಓಣಿಯಲ್ಲಿ ಇನ್ನೂ ಮೂರು ಟಾಕಿ ಕೊಡುವುದಿತ್ತು. ಸುಂದ್ರವ್ವನ ಖಾಲಿ ಟಾಕಿ ಹೆಗಲಿಗೆ ಎತ್ತಿಕೊಂಡು ಅವನ್ನು ತರಲು ಇಳಿಯತೊಡಗಿದ. ನಾನು ಅವನ ಬೆನ್ನಿಗೆ ಕೈ ಮುಗಿದೆ. ಅವನು ನೋಡಲಿಲ್ಲ. ನಲ್ಲಿಯ ಹತ್ತಿರ ಮೆಟ್ಟಿಲು ಒದ್ದೆ ಇತ್ತು, ಅವನ ಕಣ್ಣು ಅಲ್ಲಿತ್ತು.